ಹದಿನೆಂಟು ಮೀಟರ್ ಜಾಗ, ನಾಲ್ಕು ಬ್ಯಾಂಡ್: ಒಂದು ವಯರ್ ಡೈಪೋಲ್ ಆರಿಸಿದ ಪ್ರಕರಣ

ಸಲಹೆ ಕೇಳಿಕೊಂಡು ಬಂದವರು ಹೊಸದಾಗಿ ಲೈಸೆನ್ಸ್ ಪಡೆದ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವರು. ನೂರು ವ್ಯಾಟಿನ ಎಚ್‌ಎಫ್ (ಶಾರ್ಟ್‌ವೇವ್) ರಿಗ್, ಅಂದರೆ ಕಳಿಸುವ-ಕೇಳುವ ರೇಡಿಯೋ, ಇದೆ. ಆ್ಯಂಟೆನಾವನ್ನು ರಿಗ್ಗಿಗೆ ಹೊಂದಿಸುವ ಆಟೋ ಟ್ಯೂನರ್ ಅದರ ಒಳಗೇ ಇದೆ, ಆದರೆ ಅದು ಎಸ್‌ಡಬ್ಲ್ಯುಆರ್ (ಹೊಂದಿಕೆ ಎಷ್ಟು ತಪ್ಪಿದೆ ಅನ್ನುವ ಅಳತೆ, 1:1 ಅಂದರೆ ಪೂರ್ತಿ ಹೊಂದಿಕೆ) 3:1 ದಾಟಿದರೆ ಕೈಚೆಲ್ಲಿ ಕೂರುವ ಜಾತಿಯದು. ಡೈಪೋಲ್, ಅಂದರೆ ಎರಡು ಕಾಲಾಗಿ ಒಡೆದು ಅಲ್ಲಿಗೆ ಕೇಬಲ್ ಸೇರಿಸಿದ ವಯರಿನ ಆ್ಯಂಟೆನಾ, ಕಟ್ಟಲು ಮನೆಯ ಸೈಟಿನ ಮೂಲೆಯಿಂದ ಮೂಲೆಗೆ ಹದಿನೆಂಟು ಮೀಟರ್ ಸಿಗುತ್ತದೆ. ಒಂದು ಮೂಲೆಯಲ್ಲಿ ಮರ, ಇನ್ನೊಂದರಲ್ಲಿ ಕಾಂಪೌಂಡಿಗೆ ಕಟ್ಟಿದ ಕಬ್ಬಿಣದ ಪೈಪು. ನಡುವೆ ಮನೆ, ಮನೆಯ ಮೇಲೆ ಇನ್ನೊಂದು ಪೈಪು ನಿಲ್ಲಿಸಿದರೆ ನೆಲದಿಂದ ಹನ್ನೆರಡು ಮೀಟರ್ ಎತ್ತರ ಸಿಗುತ್ತದೆ. ಸೈಟಿಗೆ ಇನ್ನೊಂದು ಕರ್ಣವೂ ಇದೆ, ಸ್ವಲ್ಪ ಉದ್ದವೇ ಇದೆ. ಆದರೆ ಆ ಕಡೆ ಕರೆಂಟ್ ಲೈನ್ ಹಾದುಹೋಗುತ್ತದೆ. ವಯರ್ ಕಿತ್ತು ಬಿದ್ದರೂ, ಪೈಪು ವಾಲಿದರೂ ಲೈನಿಗೆ ತಾಗಬಾರದು. ಹಾಗಾಗಿ ಆ ಕರ್ಣದ ಬಗ್ಗೆ ಚರ್ಚೆಯೇ ಬೇಡ ಅಂದೆ.

ಅವರು ಮೊದಲು ಕೇಳಿದ್ದು ಜಿ5ಆರ್‌ವಿ ಎಂಬ ಹೆಸರಾಂತ ವಯರ್ ಆ್ಯಂಟೆನಾದ ಬಗ್ಗೆ: "ಸರ್, ಒಂದೇ ವಯರ್, ಎಲ್ಲಾ ಬ್ಯಾಂಡ್. ಜಿ5ಆರ್‌ವಿ ಹಾಕಿಬಿಡೋಣ ಅಲ್ವಾ?"

"ಎಲ್ಲಾ ಬ್ಯಾಂಡ್ ಅಂದರೆ ಯಾವ್ಯಾವುದು? ಯಾವ ಹೊತ್ತಿಗೆ ರೇಡಿಯೋ ಮುಂದೆ ಕೂರುತ್ತೀರಿ?"

ಇದಕ್ಕೆ ಉತ್ತರ ಬರಲು ತುಸು ಹೊತ್ತು ಹಿಡಿಯಿತು. ಬೆಳಗ್ಗೆ 40 ಮೀಟರ್ ಬ್ಯಾಂಡಿನಲ್ಲಿ (ಇಲ್ಲಿ ಮೀಟರ್ ಅಂದರೆ ಅಲೆಯ ಉದ್ದ) ನೆಟ್, ಅಂದರೆ ಗೊತ್ತಾದ ಹೊತ್ತಿಗೆ ಹಲವರು ಸೇರಿ ಮಾತಾಡುವ ಕೂಟ. ಸಂಜೆ 20 ಮೀಟರ್‌ನಲ್ಲಿ ಎಫ್‌ಟಿ8, ಅಂದರೆ ಕಂಪ್ಯೂಟರ್ ಮೂಲಕ ಪುಟ್ಟ ಸಂದೇಶ ಕಳಿಸುವ ವಿಧಾನ. ರಜಾ ದಿನ 15 ಮೀಟರ್‌ನಲ್ಲಿ ಮೋರ್ಸ್. ಬಿಸಿಲೇರಿದಾಗ 10 ಮೀಟರ್ ತೆರೆದುಕೊಂಡರೆ ಅಲ್ಲಿ ಮಾತು. 80 ಮೀಟರ್ ಬೇಕೇ ಅಂದರೆ "ಇದ್ದರೆ ಒಳ್ಳೇದು" ಎಂಬ ಉತ್ತರ. ಇದ್ದರೆ ಒಳ್ಳೇದು ಅನ್ನುವ ಬ್ಯಾಂಡ್ ಬೇಕೇಬೇಕಾದ ಬ್ಯಾಂಡಿನ ಪಾಲನ್ನು ತಿನ್ನುತ್ತದೆ, ಅದಕ್ಕೇ ಅದನ್ನು ಆಗಲೇ ಪಟ್ಟಿಯಿಂದ ತೆಗೆದೆವು. ಉಳಿದದ್ದು 40, 20, 15, 10 ಮೀಟರ್, ಅಂದರೆ ಅದೇ ಕ್ರಮದಲ್ಲಿ 7, 14, 21, 28 ಮೆಗಾಹರ್ಟ್ಸ್.

ಮೀಟರ್ ಹೇಳುವ ಸುಳ್ಳು

ಅವರ ಹತ್ತಿರ ಆಗಲೇ ಆರ್‌ಜಿ-58 ಕೋಆ್ಯಕ್ಸ್ ಕೇಬಲ್ ಇತ್ತು. ಫೀಡ್ ಪಾಯಿಂಟಿನಿಂದ, ಅಂದರೆ ಕೇಬಲ್ ವಯರಿಗೆ ಸೇರುವ ಜಾಗದಿಂದ, ರಿಗ್ ತನಕ ಇಪ್ಪತ್ತೆರಡು ಮೀಟರ್ ಬೇಕು. "40 ಮೀಟರ್‌ಗೆ ಸರಿಯಾಗಿ ಒಂದು ಡೈಪೋಲ್ ಕತ್ತರಿಸಿ, ಉಳಿದ ಬ್ಯಾಂಡಿಗೆ ದೊಡ್ಡ ಟ್ಯೂನರ್ ತಂದರೆ ಆಗಲ್ವಾ?" ಎಂದು ಕೇಳಿದರು. ಬಹಳ ಜನ ಎಡವುವುದು ಇಲ್ಲೇ. ಅದಕ್ಕೆ ಲೆಕ್ಕ ಹಾಕಿ ತೋರಿಸಿದೆ.

7 ಮೆಗಾಹರ್ಟ್ಸಿನ ಅರ್ಧ ಅಲೆಯ ಡೈಪೋಲ್ 14ರಲ್ಲಿ ಪೂರ್ತಿ ಅಲೆಯಷ್ಟು ಉದ್ದವಾಗುತ್ತದೆ. ಆಗ ನಡುಮಧ್ಯೆ ವೋಲ್ಟೇಜ್ ಜಾಸ್ತಿ, ಕರೆಂಟ್ ತೀರಾ ಕಡಿಮೆ. ಇಂಪೀಡೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಸಾವಿರಾರು ಓಮ್. 50 ಓಮಿನ ಕೇಬಲ್ಲಿಗೆ ಅದು 60:1ರಂಥ ಎಸ್‌ಡಬ್ಲ್ಯುಆರ್. 14 ಮೆಗಾಹರ್ಟ್ಸಿನಲ್ಲಿ ಇಪ್ಪತ್ತೆರಡು ಮೀಟರ್ ಆರ್‌ಜಿ-58 ಸರಿಯಾಗಿ ಹೊಂದಿಕೊಂಡಾಗ ತಿನ್ನುವುದು ಸುಮಾರು 1.2 ಡಿಬಿ (ಡೆಸಿಬೆಲ್, ನಷ್ಟದ ಅಳತೆ). ಆದರೆ 60:1 ಇದ್ದಾಗ ಪವರ್ ಕೇಬಲ್ಲಿನಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ, ಪ್ರತಿ ಓಡಾಟಕ್ಕೂ ಒಂದಿಷ್ಟು ಶಾಖವಾಗಿ ಹೋಗುತ್ತದೆ. ಒಟ್ಟು ನಷ್ಟ 9-10 ಡಿಬಿಗೆ ಏರುತ್ತದೆ. ಅಂದರೆ ರಿಗ್ಗಿನಿಂದ ಹೊರಟ ನೂರು ವ್ಯಾಟಿನಲ್ಲಿ ವಯರ್ ತನಕ ಮುಟ್ಟುವುದು ಹತ್ತು ಹನ್ನೆರಡು ವ್ಯಾಟ್. ಟ್ಯೂನರ್ ಮಾತ್ರ ಹಸಿರು ದೀಪ ತೋರಿಸುತ್ತದೆ, ಸಂತೋಷವಾಗಿರಿ ಅನ್ನುತ್ತದೆ. ಸೋರುವ ಕೊಡಕ್ಕೆ ಒಳ್ಳೆಯ ಮುಚ್ಚಳ ಹಾಕಿದ ಹಾಗೆ.

ಇದಕ್ಕಿಂತ ಮೋಸದ ಉದಾಹರಣೆ 28 ಮೆಗಾಹರ್ಟ್ಸಿನದು. ಅದೇ ಕೇಬಲ್, ಅದೇ ಉದ್ದ. ಆ್ಯಂಟೆನಾ ಕಡೆ ಎಸ್‌ಡಬ್ಲ್ಯುಆರ್ 10:1 ಇದೆ ಅಂದುಕೊಳ್ಳಿ. ಕೇಬಲ್ಲಿನ ನಷ್ಟ ವಾಪಸ್ ಬರುವ ಪವರನ್ನೂ ತಿಂದುಹಾಕುವುದರಿಂದ ರಿಗ್ ಕಡೆಯ ಮೀಟರ್ ಬರೀ 3.3:1 ತೋರಿಸುತ್ತದೆ. "ಪರವಾಗಿಲ್ಲ, ಟ್ಯೂನರ್ ನೋಡಿಕೊಳ್ಳುತ್ತೆ" ಅನಿಸುತ್ತದೆ. ನಿಜದಲ್ಲಿ 5 ಡಿಬಿ ಹೋಗಿದೆ. ನೂರರಲ್ಲಿ ಮೂವತ್ತು ವ್ಯಾಟ್ ಉಳಿದಿದೆ. ಕೇಬಲ್ ಕೆಟ್ಟಷ್ಟೂ ಮೀಟರ್ ಚೆಂದ ಕಾಣುತ್ತದೆ.

ಹಾಗಾಗಿ ಆಯ್ಕೆಯ ಪ್ರಶ್ನೆಯನ್ನೇ ಬದಲಿಸಿದೆವು. ಈ ಆ್ಯಂಟೆನಾ ಎಷ್ಟು ಬ್ಯಾಂಡ್ ಮಾಡುತ್ತದೆ ಅಂತ ಕೇಳುವ ಬದಲು, ನಮಗೆ ಬೇಕಾದ ನಾಲ್ಕು ಬ್ಯಾಂಡಿನಲ್ಲಿ ಕೇಬಲ್ಲಿನ ಆ ತುದಿಯಲ್ಲಿ, ಅಂದರೆ ಮೇಲೆ, ಎಸ್‌ಡಬ್ಲ್ಯುಆರ್ ಎಷ್ಟಿರುತ್ತದೆ ಅಂತ ಕೇಳಿದೆವು. ಇದೊಂದು ಪ್ರಶ್ನೆಗೇ ಅರ್ಧ ಪಟ್ಟಿ ಖಾಲಿಯಾಯಿತು.

ಒಂದೊಂದನ್ನೇ ತೂಗಿದ್ದು

ಜಿ5ಆರ್‌ವಿ ಎಂದರೆ 31 ಮೀಟರ್ ಚಿಲ್ಲರೆ ಉದ್ದದ ವಯರ್, ನಡುವಿನಿಂದ ಹತ್ತು ಮೀಟರ್ ಚಿಲ್ಲರೆ ಜೋಡಿ ತಂತಿಯ ಲೈನ್ ಕೆಳಗಿಳಿಯುತ್ತದೆ. ಲೂಯಿ ವಾರ್ನಿ 1946ರಲ್ಲಿ ಇದನ್ನು ರೂಪಿಸಿದ್ದು. ಅವರ ಮುಖ್ಯ ಗುರಿ 14 ಮೆಗಾಹರ್ಟ್ಸ್. ಅಲ್ಲಿ ವಯರ್ ಮೂರು ಅರ್ಧ ಅಲೆಯಷ್ಟಾಗುತ್ತದೆ, ಕೆಳಗಿನ ಲೈನ್ ಅರ್ಧ ಅಲೆಯಾಗಿ ಮೇಲಿನ ಇಂಪೀಡೆನ್ಸನ್ನು ಹಾಗೇ ಕೆಳಕ್ಕೆ ತರುತ್ತದೆ. ಅದು ಎಲ್ಲಾ ಬ್ಯಾಂಡಿನಲ್ಲೂ ಕೋಆ್ಯಕ್ಸಿಗೆ ತಾನಾಗಿ ಹೊಂದುತ್ತದೆ ಅನ್ನುವುದು ಆಮೇಲೆ ಹುಟ್ಟಿಕೊಂಡ ನಂಬಿಕೆ. ಕೆಲವು ಬ್ಯಾಂಡಿನಲ್ಲಿ ಟ್ಯೂನರ್ ಬೇಕೇಬೇಕು. ಬ್ರಯನ್ ಆಸ್ಟಿನ್ ಇದರ ಅಳತೆಗಳನ್ನು ಲೆಕ್ಕ ಹಾಕಿ ತಿದ್ದಿದ ಝಡ್‌ಎಸ್6ಬಿಕೆಡಬ್ಲ್ಯು ನನ್ನ ಮಟ್ಟಿಗೆ ಮೂಲಕ್ಕಿಂತ ವಾಸಿ, ಆದರೆ 21 ಮೆಗಾಹರ್ಟ್ಸಿನಲ್ಲಿ ಅದು ಹೊಂದುವುದಿಲ್ಲ. ಈ ಎರಡಕ್ಕೂ ಬೇಕಾದ ಜಾಗ ನಮ್ಮ ಹದಿನೆಂಟು ಮೀಟರಿಗೆ ನಿಲುಕದ್ದು. ತುದಿ ಮಡಚಿ ತೂಗುಬಿಡಬಹುದಿತ್ತು. ಆದರೆ ಬೇಡದ 80 ಮೀಟರಿಗೋಸ್ಕರ ಅಷ್ಟು ಒದ್ದಾಟ ಯಾಕೆ?

ಆಫ್-ಸೆಂಟರ್ ಫೆಡ್ ಡೈಪೋಲ್ ಮೇಲೆ ಅವರಿಗೆ ಆಸೆ ಜಾಸ್ತಿ ಇತ್ತು. ಇಪ್ಪತ್ತು ಮೀಟರ್ ವಯರಿಗೆ ನಡುವೆ ಬಿಟ್ಟು ಮೂರನೇ ಒಂದು ಭಾಗದಲ್ಲಿ, ಅಂದರೆ 6.7 ಮತ್ತು 13.4 ಮೀಟರಾಗಿ ಒಡೆದು, ಅಲ್ಲಿ ಇಂಪೀಡೆನ್ಸನ್ನು ಕೇಬಲ್ಲಿಗೆ ಹೊಂದುವಂತೆ ಇಳಿಸುವ 4:1 ಬ್ಯಾಲನ್ ಹಾಕುವುದು. ಆ ಜಾಗದಲ್ಲಿ 7, 14, 28 ಮೂರರಲ್ಲೂ ಇಂಪೀಡೆನ್ಸ್ 200 ಓಮ್ ಆಸುಪಾಸು ಬರುತ್ತದೆ. ಜಾಣ ಉಪಾಯ. ಆದರೆ 21ರಲ್ಲಿ ಆ ವಯರ್ ಮೂರು ಅರ್ಧ ಅಲೆ, ಮೂರನೇ ಒಂದು ಭಾಗ ಅಂದರೆ ಸರಿಯಾಗಿ ವೋಲ್ಟೇಜ್ ತುತ್ತತುದಿಯಲ್ಲಿರುವ ಜಾಗ. ಮೋರ್ಸ್ ಬ್ಯಾಂಡ್ ಹೋಯಿತು. ಇನ್ನೊಂದು ತಕರಾರು ಕಾಮನ್ ಮೋಡ್ ಕರೆಂಟಿನದು. ಎರಡು ಕಾಲು ಸಮ ಇಲ್ಲದ್ದರಿಂದ ಕೇಬಲ್ಲಿನ ಹೊರಮೈ ಮೇಲೂ ಕರೆಂಟ್ ಹರಿಯಲು ಹವಣಿಸುತ್ತದೆ. ಕೇಬಲ್ ಆ್ಯಂಟೆನಾದ ಭಾಗವಾಗುತ್ತದೆ. ಕಳಿಸುವಾಗ ಪಕ್ಕದ ಮನೆಯ ಸ್ಪೀಕರ್ ಮಾತಾಡಬಹುದು, ಅದು ಎಲ್ಲರಿಗೂ ಗೊತ್ತು. ಆದರೆ ಕೇಳುವಾಗಲೂ ಅದೇ ದಾರಿ ಉಲ್ಟಾ ಕೆಲಸ ಮಾಡುತ್ತದೆ ಅನ್ನುವುದನ್ನು ಮರೆಯುತ್ತಾರೆ. ಮನೆಯೊಳಗಿನ ಎಲ್‌ಇಡಿ ಬಲ್ಬು, ಚಾರ್ಜರ್‌ಗಳ ಗದ್ದಲವೆಲ್ಲ ಕೇಬಲ್ ಹತ್ತಿ ರಿಸೀವರಿಗೆ ಬರುತ್ತದೆ. ಇವರ ಮನೆ ತುಂಬಾ ಎಲ್‌ಇಡಿ. 40 ಮೀಟರಿನ ಬೆಳಗಿನ ನೆಟ್‌ನಲ್ಲಿ ಸಣ್ಣ ಸ್ಟೇಷನ್‌ಗಳು ಆ ಗದ್ದಲದಲ್ಲಿ ಮುಳುಗಿಹೋಗುತ್ತಿದ್ದವು.

ಟ್ರ್ಯಾಪ್ ಡೈಪೋಲ್ ಬಗ್ಗೆ ನನಗೆ ಅಂಥ ಅಸಡ್ಡೆ ಇಲ್ಲ. ಕಾಯಿಲ್ ಮತ್ತು ಕೆಪ್ಯಾಸಿಟರ್ ಸೇರಿದ ಟ್ರ್ಯಾಪ್ ತನ್ನ ಬ್ಯಾಂಡಿನಲ್ಲಿ ಬಾಗಿಲು ಹಾಕಿ ಒಳಗಿನ ವಯರ್ ಮಾತ್ರ ಕೆಲಸ ಮಾಡಿಸುತ್ತದೆ. ಕೆಳಗಿನ ಬ್ಯಾಂಡಿನಲ್ಲಿ ಬರೀ ಕಾಯಿಲ್ ಥರ ನಡೆದುಕೊಂಡು ಒಟ್ಟು ಉದ್ದವನ್ನೂ ಕಡಿಮೆ ಮಾಡುತ್ತದೆ. ಜಾಗ ಹದಿನಾಲ್ಕು ಮೀಟರ್ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಅಷ್ಟು ಇಕ್ಕಟ್ಟಿಲ್ಲ. ಬ್ಯಾಂಡ್‌ವಿಡ್ತ್ (ಹೊಂದಿಕೊಂಡು ಕೆಲಸ ಮಾಡುವ ವ್ಯಾಪ್ತಿ) ಕಿರಿದಾಗುವುದು, ಮಳೆ ನೀರು ಟ್ರ್ಯಾಪ್ ಒಳಗೆ ಇಳಿಯುವುದು, ವಯರಿನ ಮೇಲೆ ಭಾರ, ಇಷ್ಟೆಲ್ಲ ಸುಮ್ನೆ ಹೊತ್ತುಕೊಳ್ಳುವ ಅಗತ್ಯ ಇರಲಿಲ್ಲ.

ನನಗೆ ಸ್ವಂತಕ್ಕೆ ಇಷ್ಟ ಯಾವುದು ಅಂದರೆ ಲ್ಯಾಡರ್ ಲೈನಿನ ಡಬ್ಲೆಟ್. ಅದರಲ್ಲಿ ಕೋಆ್ಯಕ್ಸ್ ಬದಲು ವಯರಿನ ನಡುವಿನಿಂದ ಇಳಿಯುವುದು 450 ಓಮ್ ಅಂತ ಹೆಸರಿಟ್ಟು ಮಾರುವ, ಅಳೆದರೆ ಹೆಚ್ಚಾಗಿ 400 ಓಮ್ ಹತ್ತಿರ ಬರುವ ಜೋಡಿ ತಂತಿ ಲೈನ್. ಎಸ್‌ಡಬ್ಲ್ಯುಆರ್ ಎಷ್ಟೇ ಎದ್ದರೂ ಅದರಲ್ಲಿ ನಷ್ಟ ತೀರಾ ಕಡಿಮೆ. ಒಳ್ಳೆಯ ಟ್ಯೂನರ್ ಇದ್ದರೆ 7ರಿಂದ 28ರವರೆಗೆ ನಡುವಿನ 10, 18, 24 ಮೆಗಾಹರ್ಟ್ಸ್ ಸಮೇತ ಎಲ್ಲವೂ ಸಿಗುತ್ತದೆ. ಆದರೆ ಆ ಲೈನ್ ಲೋಹದಿಂದ ದೂರ ಇರಬೇಕು. ಇವರ ರೇಡಿಯೋ ಕೋಣೆಗೆ ದಾರಿ ಟೆರೇಸಿನ ಕಬ್ಬಿಣದ ಕಂಬಿ, ಕಿಟಕಿಯ ಗ್ರಿಲ್, ನೀರಿನ ಪೈಪಿನ ಪಕ್ಕ. ಮಳೆಯಲ್ಲಿ ಲೈನ್ ನೆನೆದರೆ ಟ್ಯೂನಿಂಗ್ ಬೇರೆ ಕದಲುತ್ತದೆ. ಜೊತೆಗೆ ಹೊರಗಿನ ದೊಡ್ಡ ಟ್ಯೂನರ್ ಬೇಕು, ಬ್ಯಾಂಡ್ ಬದಲಿಸಿದಾಗೆಲ್ಲ ಅದನ್ನು ತಿರುಗಿಸಬೇಕು. ಎಫ್‌ಟಿ8ನಲ್ಲಿ ಹದಿನೈದು ಸೆಕೆಂಡಿಗೊಂದು ಸರದಿ ಬರುತ್ತದೆ. ಬ್ಯಾಂಡಿನಿಂದ ಬ್ಯಾಂಡಿಗೆ ಹಾರುವ ಅಭ್ಯಾಸ ಇರುವ ಇವರಿಗೆ ಅದು ಕಿರಿಕಿರಿ.

ತುದಿಯಿಂದ ಫೀಡ್ ಮಾಡುವ ಅರ್ಧ ಅಲೆಯ ವಯರ್ ಮಾತೂ ಬಂತು, 49:1 ಟ್ರಾನ್ಸ್‌ಫಾರ್ಮರ್ ಜೊತೆ. ನಾಲ್ಕೂ ಬ್ಯಾಂಡ್ ಬರುತ್ತದೆ, ಕಟ್ಟುವುದು ಸುಲಭ. ಪ್ರವಾಸಕ್ಕೆ ಅದೇ ಸರಿ. ಆದರೆ ಅದಕ್ಕೂ ಕೇಬಲ್ಲಿನ ಹೊರಮೈ ಬೇಕು, ಗದ್ದಲದ ತಕರಾರು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಉಳಿದದ್ದು ಫ್ಯಾನ್ ಡೈಪೋಲ್.

ಫ್ಯಾನ್ ಯಾಕೆ

ಒಂದೇ ಫೀಡ್ ಪಾಯಿಂಟಿಗೆ ಬೇರೆ ಬೇರೆ ಉದ್ದದ ಡೈಪೋಲ್‌ಗಳನ್ನು ಸೇರಿಸುವುದು, ಅಷ್ಟೇ. 14 ಮೆಗಾಹರ್ಟ್ಸಿನಲ್ಲಿ ಹತ್ತು ಮೀಟರಿನ ವಯರ್ 50-70 ಓಮ್ ತೋರಿಸಿ ಕರೆಂಟನ್ನು ಎಳೆದುಕೊಳ್ಳುತ್ತದೆ. ಇಪ್ಪತ್ತು ಮೀಟರಿನದು ಅಲ್ಲಿ ಸಾವಿರಾರು ಓಮ್, ಹಾಗಾಗಿ ಕರೆಂಟ್ ಅತ್ತ ಹೋಗುವುದೇ ಇಲ್ಲ ಅನ್ನಬಹುದು. ಆರಿಸುವ ಕೆಲಸವನ್ನು ಫಿಸಿಕ್ಸೇ ಮಾಡುತ್ತದೆ, ಸ್ವಿಚ್ ಬೇಡ. ಮೂರು ಜೋಡಿ ವಯರ್ ಸಾಕು: 7, 14, 28ಕ್ಕೆ. 21 ಮೆಗಾಹರ್ಟ್ಸ್ ಪುಕ್ಕಟೆ ಬರುತ್ತದೆ, ಯಾಕೆಂದರೆ 7ರ ವಯರ್ ಅಲ್ಲಿ ಮೂರು ಅರ್ಧ ಅಲೆಯಾಗಿ ನಡುವೆ ಮತ್ತೆ ಕರೆಂಟ್ ಜಾಸ್ತಿಯಾಗುತ್ತದೆ. ಪುಕ್ಕಟೆ ಅಂದೆ, ಪೂರ್ತಿ ಪುಕ್ಕಟೆ ಅಲ್ಲ. ಅದು ಮುಂದೆ ಬರುತ್ತದೆ.

ಜಾಗದ ಲೆಕ್ಕ ಹೀಗೆ. ಅರ್ಧ ಅಲೆಯ ವಯರಿನ ಉದ್ದಕ್ಕೆ 142.6ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಮೀಟರಿನಲ್ಲಿ ಅಂದಾಜು ಸಿಗುತ್ತದೆ. 7.1ಕ್ಕೆ 20.1 ಮೀಟರ್, 14.15ಕ್ಕೆ 10.1, 28.4ಕ್ಕೆ 5. ಇಪ್ಪತ್ತು ಮೀಟರ್ ವಯರನ್ನು ನೇರ ಕಟ್ಟಲು ಹದಿನೆಂಟು ಮೀಟರ್ ಸಾಲದು. ಆದರೆ ನಡು ಹನ್ನೆರಡು ಮೀಟರಿನಲ್ಲಿದ್ದು ತುದಿಗಳು ಏಳು ಮೀಟರಿಗೆ ಇಳಿದರೆ, ಹತ್ತು ಮೀಟರಿನ ಪ್ರತಿ ಕಾಲೂ ಅಡ್ಡಕ್ಕೆ ತೆಗೆದುಕೊಳ್ಳುವುದು 8.7 ಮೀಟರ್ ಮಾತ್ರ. ಒಟ್ಟು 17.4. ತಲೆಕೆಳಗಾದ ವಿ ಆಕಾರ, ನಡುವಿನ ಕೋನ 120 ಡಿಗ್ರಿ. ಕೋನ 90ಕ್ಕಿಂತ ಕಿರಿದಾದರೆ ನಾನು ಒಪ್ಪುವುದಿಲ್ಲ, 120 ಆರಾಮ. ಈ ಆಕಾರದಲ್ಲಿ ಇಂಪೀಡೆನ್ಸ್ ಇಳಿದು 50 ಓಮಿಗೆ ಹತ್ತಿರ ಬರುವುದು ಇನ್ನೊಂದು ಅನುಕೂಲ. ಕೇಬಲ್ಲಿನ ಭಾರವನ್ನು ಪೈಪೇ ಹೊರುತ್ತದೆ, ಹಾಗಾಗಿ ದಪ್ಪದ ಆರ್‌ಜಿ-213 ಹಾಕಲು ತೊಂದರೆ ಇಲ್ಲ. 28ರಲ್ಲಿ ಆರ್‌ಜಿ-58ನ 1.8 ಡಿಬಿ ನಷ್ಟ ಇದರಲ್ಲಿ 0.8ಕ್ಕೆ ಇಳಿಯುತ್ತದೆ. ತುದಿಗಳು ಟೆರೇಸಿನಿಂದ ಕೈಗೆ ಎಟುಕದಷ್ಟು ಆಚೆ ಇರುವಂತೆ ಹಗ್ಗ ಕಟ್ಟಿದೆವು. ನೂರು ವ್ಯಾಟ್ ಕೊಟ್ಟಾಗ ಅಲ್ಲಿ ನೂರಾರು ವೋಲ್ಟ್ ನಿಂತಿರುತ್ತದೆ, ಮುಟ್ಟಿದರೆ ಚರ್ಮ ಸುಡುತ್ತದೆ.

ಎತ್ತರದ ಬಗ್ಗೆಯೂ ಒಂದು ಮಾತು. ಹನ್ನೆರಡು ಮೀಟರ್ ಅಂದರೆ 40 ಮೀಟರ್ ಬ್ಯಾಂಡಿಗೆ ಕಾಲು ಅಲೆಗಿಂತ ಸ್ವಲ್ಪ ಜಾಸ್ತಿ. ಸಿಗ್ನಲ್ ಹೆಚ್ಚಾಗಿ ಮೇಲಕ್ಕೆ ಹೋಗಿ ಅಯಾನುಗೋಳದಿಂದ ಹತ್ತಿರದ ನೂರಾರು ಕಿಲೋಮೀಟರಿಗೆ ಬೀಳುತ್ತದೆ. ಬೆಳಗಿನ ನೆಟ್‌ಗೆ ಬೇಕಾಗಿದ್ದೂ ಅದೇ. 20 ಮೀಟರಿಗೆ ಅದೇ ಎತ್ತರ ಅರ್ಧ ಅಲೆ ದಾಟುತ್ತದೆ, ಕಿರಣ ಕೆಳಗಿಳಿದು ದೂರ ಹೋಗುತ್ತದೆ. 10ಕ್ಕೆ ಪೂರ್ತಿ ಅಲೆಗಿಂತ ಜಾಸ್ತಿ. ಒಂದೇ ಪೈಪು, ಪ್ರತಿ ಬ್ಯಾಂಡಿಗೂ ಬೇಕಾದ ಕೆಲಸ ಮಾಡಿತು. ಇದರಲ್ಲಿ ನಮ್ಮ ಜಾಣತನಕ್ಕಿಂತ ಅದೃಷ್ಟದ ಪಾಲೇ ಜಾಸ್ತಿ.

ಕಟ್ಟಿ ಅಳೆದದ್ದು

ಫೀಡ್ ಪಾಯಿಂಟಿನಲ್ಲಿ, ಕೇಬಲ್ಲಿನ ಹೊರಮೈ ಕರೆಂಟನ್ನು ತಡೆಯಲು, 1:1 ಚೋಕ್. 31ನೇ ನಮೂನೆಯ ದೊಡ್ಡ ಫೆರೈಟ್ ರಿಂಗಿಗೆ ಸಣ್ಣ ಕೋಆ್ಯಕ್ಸನ್ನು ಹತ್ತು-ಹನ್ನೆರಡು ಸುತ್ತು ಸುತ್ತಿದ್ದು. ಡೈಪೋಲ್ ಸಮವಾಗಿದ್ದರೂ ಚೋಕ್ ಬಿಡಬಾರದು. ಒಂದು ಕಾಲಿನ ಹತ್ತಿರ ಮರ, ಇನ್ನೊಂದರ ಹತ್ತಿರ ಕಬ್ಬಿಣದ ಪೈಪು ಇದ್ದ ಮೇಲೆ ಸಮ ಅನ್ನುವುದು ಕಾಗದದ ಮೇಲಷ್ಟೇ.

ಮೂರು ಜೋಡಿ ವಯರ್ ನಡುವೆ ಪಿವಿಸಿ ಪೈಪಿನ ತುಂಡುಗಳನ್ನು ಅಡ್ಡ ಹಾಕಿದೆವು. ಫೀಡ್ ಪಾಯಿಂಟಿನ ಹತ್ತಿರ ಅರ್ಧ ಗೇಣು ಅಂತರ, ತುದಿಗೆ ಹೋದಂತೆ ಅಗಲ. ಇಲ್ಲಿ ಜಿಪುಣತನ ಮಾಡಬಾರದು. ವಯರ್‌ಗಳು ಹತ್ತಿರ ಬಂದಷ್ಟೂ ಒಂದರ ಪ್ರಭಾವ ಇನ್ನೊಂದರ ಮೇಲೆ ಬೀಳುತ್ತದೆ, ಚಿಕ್ಕ ವಯರಿನ ಬ್ಯಾಂಡ್‌ವಿಡ್ತ್ ಕಿರಿದಾಗುತ್ತದೆ.

ಟ್ಯೂನ್ ಮಾಡುವ ಕ್ರಮ: ಮೊದಲು ಉದ್ದದ್ದು, ಆಮೇಲೆ ನಡುವಿನದು, ಕೊನೆಗೆ ಚಿಕ್ಕದು. ವಯರ್ ಕತ್ತರಿಸದೆ ತುದಿಯನ್ನು ಹಿಂದಕ್ಕೆ ಮಡಚಿ ಸುತ್ತುವುದು. ಅಳೆಯಲು ನ್ಯಾನೋವಿಎನ್‌ಎ ಎಂಬ ಆ್ಯಂಟೆನಾ ಅಳೆಯುವ ಪುಟ್ಟ ಉಪಕರಣ. ಪ್ರತಿ ಸಲವೂ ಪೂರ್ತಿ ಎತ್ತರಕ್ಕೆ ಏರಿಸಿಯೇ ಅಳೆಯಬೇಕು. ಎದೆಮಟ್ಟದಲ್ಲಿ ಸರಿ ಕಂಡದ್ದು ಮೇಲೆ ಹೋದಾಗ ಬೇರೆಯೇ ಆಗಿರುತ್ತದೆ. ಏರಿಸಿ ಇಳಿಸಿ ಏರಿಸಿ ತೋಳು ಬಿದ್ದುಹೋಗುತ್ತದೆ, ಆದ್ದರಿಂದ ಪೈಪಿನ ತುದಿಗೆ ರಾಟೆ ಹಾಕಿದ್ದು ಬಹಳ ಉಪಕಾರಕ್ಕೆ ಬಂತು.

7.1ಕ್ಕೆ ಮೊದಲನೆಯದು ಸುಲಭವಾಗಿ ಬಂದು ಕೂತಿತು. 14ರ ವಯರ್ ಸೂತ್ರದಂತೆ ಕತ್ತರಿಸಿದರೆ ಬ್ಯಾಂಡಿನ ಮೇಲೆ, ಆಚೆಗೆ ಹೋಗಿ ಕೂತಿತು. ಫ್ಯಾನಿನಲ್ಲಿ ಇದು ಮಾಮೂಲು: ಚಿಕ್ಕ ವಯರ್‌ಗಳು ಸೂತ್ರ ಹೇಳುವುದಕ್ಕಿಂತ ಉದ್ದ ಬೇಡುತ್ತವೆ. ಮೊದಲೇ ಒಂದಷ್ಟು ಜಾಸ್ತಿ ಬಿಟ್ಟು ಮಡಚಿಟ್ಟಿದ್ದರಿಂದ ಬಿಚ್ಚಿ ಉದ್ದ ಮಾಡಿದರೆ ಸಾಕಾಯಿತು. 28ರದ್ದಂತೂ ಇನ್ನೂ ಹಟಮಾರಿ. ಆ ಬ್ಯಾಂಡ್ 28.0ರಿಂದ 29.7ರವರೆಗೆ, ಪೂರ್ತಿ ಸಿಗುವುದಿಲ್ಲ ಅಂತ ಮೊದಲೇ ಒಪ್ಪಿಕೊಂಡು 28.3ರ ಸುತ್ತ ನಿಲ್ಲಿಸಿದೆವು. ಎಫ್‌ಟಿ8ನ 28.074 ಮತ್ತು ಮಾತಿನ 28.5 ಎರಡೂ 2:1ರೊಳಗೆ ಬಂದವು. ಮೇಲಿನ ಎಫ್‌ಎಂ ಭಾಗ ಕೈಬಿಟ್ಟಂತೆಯೇ.

ಈಗ 21ರ ಕತೆ. 7.1ರ ಮೂರು ಪಟ್ಟು 21.3 ಆಗಬೇಕಲ್ಲ? ಆಗುವುದಿಲ್ಲ. ವಯರಿನ ತುದಿಯಲ್ಲಿ ಆಗುವ ಪರಿಣಾಮದಿಂದಾಗಿ ಅರ್ಧ ಅಲೆಯ ವಯರ್ ನಿಜವಾದ ಅರ್ಧ ಅಲೆಗಿಂತ ಸುಮಾರು ನೂರಕ್ಕೆ ಐದು ಗಿಡ್ಡ ಇರುತ್ತದೆ. ಮೂರು ಅರ್ಧ ಅಲೆ ಇದ್ದಾಗಲೂ ತುದಿ ಇರುವುದು ಎರಡೇ. ಹಾಗಾಗಿ ಆ ಗಿಡ್ಡತನ ಮೂರು ಪಟ್ಟು ಆಗುವುದಿಲ್ಲ, ರೆಸೊನೆನ್ಸ್, ಅಂದರೆ ವಯರ್ ತಾನಾಗಿ ಹೊಂದಿಕೊಳ್ಳುವ ಫ್ರೀಕ್ವೆನ್ಸಿ, ಮೇಲಕ್ಕೆ ಜಾರುತ್ತದೆ. ಇವರ ಆ್ಯಂಟೆನಾದಲ್ಲಿ ಅದು 21.8ರಲ್ಲಿ ಸಿಕ್ಕಿತು. ಬ್ಯಾಂಡ್ ಮುಗಿಯುವುದೇ 21.45ಕ್ಕೆ. ಮೋರ್ಸ್ ಇರುವುದು 21.0ರ ಹತ್ತಿರ.

"ಹಾಗಾದರೆ 7ರ ವಯರನ್ನೇ ಉದ್ದ ಮಾಡಿದರೆ?"

"7 ಬ್ಯಾಂಡಿನ ಕೆಳಗೆ ಇಳಿದುಹೋಗುತ್ತೆ."

ಉಪಾಯ ಬೇರೆ ಇದೆ. 21ರಲ್ಲಿ ನಡುವಿನಿಂದ ಸುಮಾರು 3.4 ಮೀಟರ್ ದೂರದಲ್ಲಿ, ಎರಡೂ ಕಾಲಿನಲ್ಲಿ, ವೋಲ್ಟೇಜ್ ಶಿಖರ ಬರುತ್ತದೆ. ಅಲ್ಲಿ ಒಂದಡಿಯಷ್ಟು ವಯರ್ ತುಂಡನ್ನು ಬೆಸುಗೆ ಹಾಕಿ ಕೆಳಕ್ಕೆ ತೂಗುಬಿಟ್ಟರೆ ಅಲ್ಲಿನ ಕೆಪ್ಯಾಸಿಟೆನ್ಸ್ ಒಂದೆರಡು ಪಿಕೋಫ್ಯಾರಡ್ ಏರುತ್ತದೆ. 21ರ ರೆಸೊನೆನ್ಸ್ ನೂರಕ್ಕೆ ಮೂರರಷ್ಟು ಕೆಳಗಿಳಿಯಲು ಅದು ಸಾಕು. 7ರಲ್ಲಿ ಅದೇ ಜಾಗದಲ್ಲಿ ವೋಲ್ಟೇಜ್ ತುದಿಯದರ ಅರ್ಧದಷ್ಟು ಮಾತ್ರ, ಪರಿಣಾಮ ಕಾಲು ಭಾಗ. ತೂಗುಬಿಟ್ಟ ಮೇಲೆ 21.8 ಇದ್ದದ್ದು 21.1ಕ್ಕೆ ಬಂತು. 7.1 ಸ್ವಲ್ಪ ಇಳಿದು 7.05 ಆಯಿತು. ತುದಿಗಳನ್ನು ಒಂದಿಷ್ಟು ಮಡಚಿದಾಗ 7 ಸರಿಹೋಯಿತು, 21 ತುಸು ಮೇಲಕ್ಕೆ ಹೋಯಿತು. ತೂಗುವ ತುಂಡನ್ನು ಇನ್ನೂ ಎರಡು ಬೆರಳಷ್ಟು ಉದ್ದ ಮಾಡಿದೆವು. ಈ ಹಗ್ಗಜಗ್ಗಾಟ ಬೇಗ ಮುಗಿಯುತ್ತದೆ, ಗಾಬರಿ ಬೇಡ.

ಕೊನೆಗೆ ಬಂದ ಎಸ್‌ಡಬ್ಲ್ಯುಆರ್: 7.1ರಲ್ಲಿ 1.3, 14.1ರಲ್ಲಿ 1.4, 21.1ರಲ್ಲಿ 1.9, 28.3ರಲ್ಲಿ 1.5. 21ರಲ್ಲಿ ಅದಕ್ಕಿಂತ ಕೆಳಗೆ ಇಳಿಯದು. ಮೂರು ಅರ್ಧ ಅಲೆಯ ನಡುವಿನ ಇಂಪೀಡೆನ್ಸೇ 100 ಓಮ್ ಹತ್ತಿರ ಇರುತ್ತದೆ. ರಿಗ್ಗಿನ ಟ್ಯೂನರ್ ಅದನ್ನು ಸರಿದೂಗಿಸುತ್ತದೆ, ಆರ್‌ಜಿ-213ನಲ್ಲಿ 2:1ಕ್ಕೆ ಆಗುವ ಹೆಚ್ಚಿನ ನಷ್ಟ ಲೆಕ್ಕಕ್ಕೇ ಬಾರದು. ಇನ್ನೊಂದು ವಿಷಯ ತಿಳಿದಿರಲಿ: 21ರಲ್ಲಿ ಸಿಗ್ನಲ್ ವಯರಿಗೆ ಅಡ್ಡಲಾಗಿ ಮಾತ್ರ ಹೋಗುವುದಿಲ್ಲ, ಹಲವು ಎಸಳಾಗಿ ಒಡೆಯುತ್ತದೆ. ದೊಡ್ಡ ಎಸಳುಗಳು ವಯರಿಗೆ ಸುಮಾರು 45 ಡಿಗ್ರಿ ಓರೆಯಾಗಿರುತ್ತವೆ. 20 ಮೀಟರಿನಲ್ಲಿ ಚೆನ್ನಾಗಿ ಕೇಳುವ ದಿಕ್ಕು 15ರಲ್ಲಿ ಮಂಕಾಗಿ, ಬೇರೆ ದಿಕ್ಕು ಜೋರಾಗಿ ಕೇಳಿದರೆ ಆ್ಯಂಟೆನಾ ಕೆಟ್ಟಿದೆ ಅಂತ ಅಲ್ಲ.

ಆಮೇಲೆ

ಮಳೆಗಾಲದ ಗಾಳಿಗೆ 14ರ ವಯರ್ 7ರದಕ್ಕೆ ಸುತ್ತಿಕೊಂಡಿತು. ಎಸ್‌ಡಬ್ಲ್ಯುಆರ್ ಒಮ್ಮೆಲೇ ಏರಿದ್ದರಿಂದ ಗೊತ್ತಾಯಿತು. ಚಿಕ್ಕ ವಯರ್‌ಗಳ ತುದಿಯನ್ನು ಅಡ್ಡಪಟ್ಟಿಗೆ ಕಟ್ಟಿದ್ದರೆ ಸಾಲದು, ಅವಕ್ಕೆ ತಮ್ಮದೇ ಹಗ್ಗ ಬೇರೆ ದಿಕ್ಕಿಗೆ ಎಳೆದಿರಬೇಕು. ಹಾಗೆ ಮಾಡಿದ ಮೇಲೆ ತೊಡಕಿಲ್ಲ. ಮಿಂಚು ಕಾಣಿಸಿದರೆ ಕೇಬಲ್ ಬಿಚ್ಚಿ ಹೊರಗೆ ಹಾಕುವ ಅಭ್ಯಾಸ ಮೊದಲ ದಿನದಿಂದಲೇ ಮಾಡಿಸಿದ್ದೆ.

ಈಗ ಅವರ ಹೊಸ ಬೇಡಿಕೆ 17 ಮೀಟರ್, ಅಂದರೆ 18 ಮೆಗಾಹರ್ಟ್ಸ್. 1979ರ ರೇಡಿಯೋ ಸಮ್ಮೇಳನದಲ್ಲಿ ಹ್ಯಾಮ್‌ಗಳಿಗೆ ಸಿಕ್ಕ ಮೂರು ಬ್ಯಾಂಡ್‌ಗಳಲ್ಲಿ ಒಂದು, ಸ್ಪರ್ಧೆಗಳ ನೂಕುನುಗ್ಗಲು ಇಲ್ಲದ ಜಾಗ. ಆಸೆ ನ್ಯಾಯವೇ. ಫ್ಯಾನಿಗೆ ಎಂಟು ಮೀಟರಿನ ನಾಲ್ಕನೇ ಜೋಡಿ ಸೇರಿಸಬಹುದು. ಆದರೆ ಅದು 14 ಮತ್ತು 21ರ ನಡುವೆ ಬಂದು ಕೂರುತ್ತದೆ, ಎರಡನ್ನೂ ಕದಲಿಸುತ್ತದೆ, ಟ್ಯೂನಿಂಗ್ ಮತ್ತೆ ಮೊದಲಿನಿಂದ. ನಾನು ಹೇಳಿದ್ದು, ಅದೇ ಪೈಪಿನಿಂದ 18ಕ್ಕೆ ಬೇರೆಯೇ ಸಣ್ಣ ಡೈಪೋಲನ್ನು, ಬೇರೆ ಕೇಬಲ್ಲಿನಲ್ಲಿ, ಫ್ಯಾನಿಗೆ ಅಡ್ಡಲಾಗಿ ಇಳಿಬಿಡಿ ಅಂತ. ಕರೆಂಟ್ ಲೈನ್ ಕಡೆಗೆ ಹೋಗದ ಹಾಗೆ ಎರಡು ಹಗ್ಗದ ಜಾಗ ಹುಡುಕುತ್ತಿದ್ದಾರೆ.